ಹಲ್ಲಿಗೆ ಕೇಳಿದ ಗಂಟೆ

ಕಾಮಾಕ್ಷಿಪಾಳ್ಯದ ಆ ಕಿರಿಯ ಪ್ರಾಥಮಿಕ ಶಾಲೆಗೂ ಪಕ್ಕದ ಶೆಡ್ಡಿಗೂ ಇದ್ದದ್ದು ಒಂದೇ ಗೋಡೆ. ಶೆಡ್ಡಿನೊಳಗೆ ತಗಡಿಗೆ ಅಚ್ಚು ಒತ್ತುವ ಪವರ್ ಪ್ರೆಸ್ಸು. ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅದು ಶುರುವಾಯಿತೆಂದರೆ ದಢ್, ದಢ್ ಎಂದು ಸಂಜೆಯವರೆಗೂ ಬಡಿಯುತ್ತಲೇ ಇರುತ್ತಿತ್ತು. ಮೇಷ್ಟ್ರುಗಳು ಎರಡು ಬಡಿತಗಳ ನಡುವಿನ ಸಂದಿಯಲ್ಲಿ ಮಾತು ತೂರಿಸಿ ಪಾಠ ಮಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಹೆಡ್‌ಮಾಸ್ಟರ್ ಚನ್ನಕೇಶವಯ್ಯನವರಂತೂ ಮನೆಯಲ್ಲಿ ಹೆಂಡತಿಯ ಹತ್ತಿರವೂ ಹಾಗೆಯೇ ತುಂಡು ತುಂಡಾಗಿ ಮಾತಾಡುತ್ತಾರಂತೆ ಎಂದು ಎಲ್ಲರೂ ನಗುತ್ತಿದ್ದರು.

ಎಪ್ಪತ್ತನಾಲ್ಕರ ಜೂನ್‌ನಲ್ಲಿ ಅಲಮೇಲು ಅಲ್ಲಿಗೆ ವರ್ಗವಾಗಿ ಬಂದಳು. ಮನೆ ರಾಜಾಜಿನಗರದಲ್ಲಿ. ದಿನಾ ಟಿಫನ್ ಡಬ್ಬ ಹಿಡಿದು, ಕೊಡೆ ಬಿಚ್ಚಿಕೊಂಡು ನಡೆದೇ ಬರುತ್ತಿದ್ದಳು. ಅವಳಿಗೆ ಕೊಟ್ಟದ್ದು ನಾಲ್ಕನೇ ಕ್ಲಾಸು. ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು ಅರ್ಧ, ಊರಿನ ಹಳೇ ಒಕ್ಕಲು ಮನೆಗಳ ಮಕ್ಕಳು ಅರ್ಧ. ಮೊದಲ ದಿನವೇ ಚನ್ನಕೇಶವಯ್ಯನವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ತೋರಿಸಿದರು. ಮುಂದಿನ ಸಾಲಿನಲ್ಲಿ ಕೈ ಎತ್ತಿಕೊಂಡೇ ಕೂತಿದ್ದವನು ಶ್ಯಾಮಸುಂದರ, ಲೇತಿನ ಮೇಲೆ ಕೆಲಸ ಮಾಡುವ ಟರ್ನರ್ ಒಬ್ಬರ ಮಗ. ಕೊನೆಯಲ್ಲಿ, ಗೋಡೆಗೆ ಒರಗಿ ಕೂತಿದ್ದ ಹುಡುಗಿಯ ಕಡೆ ನೋಡಿ ಅವರು ದನಿ ತಗ್ಗಿಸಿದರು.

"ಅದು ಮುನಿಲಕ್ಷ್ಮಮ್ಮ ಅಂತ. ಹಾಲಿನ ತಿಮ್ಮಯ್ಯನ ಮಗಳು. ಕಿವಿ ಕೇಳ್ಸಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಕಿವಿ ಸೋರೋಕೆ ಶುರುವಾಯ್ತಂತೆ. ಬರ್ತಾಳೆ, ಕೂರ್ತಾಳೆ, ಹೋಗ್ತಾಳೆ. ನೀವು ತಲೆ ಕೆಡಿಸ್ಕೋಬೇಡಿ."

ಅಲಮೇಲು ಆಗ ತಲೆ ಕೆಡಿಸಿಕೊಳ್ಳಲೂ ಇಲ್ಲ. ಅಷ್ಟು ಮಕ್ಕಳು, ಅಷ್ಟು ಗಲಾಟೆ. ಮುನಿಲಕ್ಷ್ಮಿ ಬೋರ್ಡಿನ ಮೇಲಿದ್ದದ್ದನ್ನು ಅಂದವಾಗಿ ಬರೆದುಕೊಳ್ಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಹೇಳುತ್ತಿರಲಿಲ್ಲ. ಬಾಯಿ ತೆರೆದರೆ ಬರುತ್ತಿದ್ದದ್ದು ದಪ್ಪನೆಯ, ಅಂಚು ಸವೆದ ಕೆಲವೇ ಮಾತು: ನೀರು, ಹೊರಗೆ, ಮನೆ. ಹುಡುಗರು ಕೆಪ್ಪಿ ಎಂದು ಕರೆಯುತ್ತಿದ್ದರು. ಕರೆದದ್ದು ಅವಳಿಗೆ ಕೇಳಿಸುತ್ತಿರಲಿಲ್ಲವಾದರೂ ಅವರ ಮುಖ ನೋಡಿಯೇ ಗೊತ್ತಾಗುತ್ತಿತ್ತು.

ದಸರಾ ರಜೆ ಕಳೆದ ಮೇಲೆ ವಿಜ್ಞಾನದಲ್ಲಿ ಶಬ್ದದ ಪಾಠ ಬಂತು. "ವಸ್ತುಗಳ ಕಂಪನದಿಂದ ಶಬ್ದ ಉಂಟಾಗುತ್ತದೆ" ಎಂದು ಪುಸ್ತಕ ಹೇಳಿತು. ಮಕ್ಕಳು ಅದನ್ನು ರಾಗವಾಗಿ ಹೇಳಿದರು. ಪ್ರೆಸ್ಸು ತಾಳ ಹಾಕಿತು. ಅಲಮೇಲು ಪುಸ್ತಕ ಮುಚ್ಚಿಟ್ಟಳು.

"ಕಂಪನ ಅಂದ್ರೇನ್ರೋ?"

ಶ್ಯಾಮಸುಂದರನ ಕೈ ಕೂಡ ಕೆಳಗಿಳಿಯಿತು.

"ಎಲ್ಲಾರೂ ಎದ್ದೇಳಿ. ಹಿಂದಿನ ಗೋಡೆಗೆ ಅಂಗೈ ಇಡಿ. ಹಾಗಲ್ಲ, ಪೂರ್ತಿ ಅಂಗೈ."

ಮಕ್ಕಳು ತಳ್ಳಾಡಿಕೊಂಡು ಹೋಗಿ ಗೋಡೆ ತುಂಬ ಕೈ ಊರಿದರು. ಪ್ರೆಸ್ಸು ಬಡಿಯಿತು. ಗೋಡೆ ಅಂಗೈಯೊಳಗೆ ಜುಮ್ಮೆಂದಿತು. "ಗೋಡೆ ನಡುಗ್ತದೆ ಮಿಸ್!" ಎಂದು ಯಾರೋ ಕಿರುಚಿದರು. ಶಾಲೆ ಕಟ್ಟಿದಾಗಿನಿಂದ ಎಲ್ಲರೂ ಶಾಪ ಹಾಕುತ್ತಿದ್ದ ಸದ್ದನ್ನು ಅವತ್ತು ಮೊದಲ ಸಲ ಮಕ್ಕಳು ಮುಟ್ಟಿ ನೋಡುತ್ತಿದ್ದರು.

ಮುನಿಲಕ್ಷ್ಮಿ ಮಾತ್ರ ಕೈ ಇಡಲಿಲ್ಲ. ಅವಳು ತನ್ನ ದಿನದ ಜಾಗದಲ್ಲೇ ಪಕ್ಕಕ್ಕೆ ತಿರುಗಿ, ಕೆನ್ನೆಯನ್ನೂ ದವಡೆಯನ್ನೂ ಗೋಡೆಗೆ ಒತ್ತಿ ಹಿಡಿದಳು. ಹಿಡಿದುಕೊಂಡು ಅಲಮೇಲುವನ್ನೇ ನೋಡಿದಳು. ಇದು ನಿಮಗೆಲ್ಲ ಇವತ್ತು ಗೊತ್ತಾಯಿತೇ ಎನ್ನುವಂತಿತ್ತು ಆ ನೋಟ. ಅವಳು ಇಷ್ಟು ದಿನ ಆ ಗೋಡೆಗೇ ಯಾಕೆ ಒರಗಿ ಕೂರುತ್ತಿದ್ದಳೆಂದು ಅಲಮೇಲುವಿಗೆ ಆಗ ಹೊಳೆಯಿತು.

ಮಾರನೆಯ ದಿನ ಅವಳು ಮನೆಯಿಂದ ಒಂದು ಖಾಲಿ ಡಾಲ್ಡಾ ಡಬ್ಬ ತಂದಳು. ಎರಡೂ ತುದಿ ಕತ್ತರಿಸಿ, ಒಂದು ಬಾಯಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಎಳೆದು ಕಟ್ಟಿದ್ದಳು. ಡಬ್ಬವನ್ನು ಎರಡು ಬೆಂಚುಗಳ ನಡುವಿನ ಸಂದಿಯ ಮೇಲೆ ನಿಲ್ಲಿಸಿ, ರಬ್ಬರಿನ ಮೇಲೆ ಒಂದು ಚಿಟಿಕೆ ರಾಗಿ ಹಾಕಿದಳು.

"ಈಗ ಕೆಳಗಿಂದ ಯಾರಾದ್ರೂ ಕೂಗಿ."

ಶ್ಯಾಮಸುಂದರ ನೆಲಕ್ಕೆ ಬಗ್ಗಿ ಡಬ್ಬದ ತೆರೆದ ಬಾಯಿಗೆ "ಓ" ಎಂದ. ರಾಗಿ ಕುಣಿಯಿತು. ಸುಮ್ಮನಾದ; ನಿಂತಿತು. ಮತ್ತೆ ಕೂಗಿದ, ಕಾಳುಗಳು ಚದುರಿ, ಮತ್ತೆ ಗುಂಪಾಗಿ, ಇರುವೆಗಳ ಹಾಗೆ ಓಡಾಡಿದವು. ತಗ್ಗಿದ ದನಿಗೆ ಒಂದು ಕುಣಿತ, ಕೀಚಲು ದನಿಗೆ ಇನ್ನೊಂದು. ಬಾಯಿಯಿಂದ ಹೊರಬಿದ್ದು ಮಾಯವಾಗುತ್ತಿದ್ದದ್ದು ಇಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಮುನಿಲಕ್ಷ್ಮಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ಅವಳು ಹಾಗೆ ಬಂದದ್ದು ಅದೇ ಮೊದಲು. ಮೊಣಕಾಲೂರಿ, ಡಬ್ಬದ ಬಾಯಿಗೆ ಬಾಯಿ ಇಟ್ಟು, ಹೊಟ್ಟೆಯಾಳದಿಂದ ಕೂಗಿದಳು. ರಾಗಿಯೆಲ್ಲ ಚಿಮ್ಮಿ ಅವಳ ಕೂದಲ ಮೇಲೆ ಬಿತ್ತು. ಅವಳು ತಲೆ ಎತ್ತಿ ಖಾಲಿ ರಬ್ಬರನ್ನು ನೋಡಿದಳು. ಆಮೇಲೆ ತನ್ನ ಕೊರಳನ್ನು ಮುಟ್ಟಿಕೊಂಡಳು. ತನ್ನೊಳಗಿಂದ ಏನೋ ಹೊರಗೆ ಹೋಗಿ ಕಾಳನ್ನು ಎಗರಿಸಿತೆಂದು ಅವಳಿಗೆ ತಿಳಿದದ್ದು ಆಗಲೇ ಇರಬೇಕು. ಯಾವ ಹುಡುಗನೂ ನಗಲಿಲ್ಲ. ಒಬ್ಬ ಹುಡುಗಿ ಅವಳ ತಲೆಯಿಂದ ರಾಗಿ ಹೆಕ್ಕತೊಡಗಿದಳು.

ಆ ವಾರವೇ ಅಲಮೇಲು ಸಾರಿನ ಸೌಟನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಗಟ್ಟಿ ಹಿತ್ತಾಳೆಯದು. ಉದ್ದನೆಯ ಹುರಿಯ ನಡುವಿಗೆ ಸೌಟನ್ನು ಕಟ್ಟಿ, ಹುರಿಯ ಎರಡು ತುದಿಗಳನ್ನು ತನ್ನ ತೋರುಬೆರಳುಗಳಿಗೆ ಸುತ್ತಿ, ಬೆರಳುಗಳನ್ನು ಕಿವಿಯಲ್ಲಿಟ್ಟು ಬಗ್ಗಿ ನಿಂತಳು. ಸೌಟು ತೂಗಾಡಿ ಬೆಂಚಿಗೆ ತಗುಲಿತು. ಮಕ್ಕಳಿಗೆ ಕೇಳಿಸಿದ್ದು ಬರೀ ಟಣ್.

"ಇಷ್ಟೇನಾ ಮಿಸ್?"

"ನೀನೇ ನೋಡು ಬಾ."

ಶ್ಯಾಮಸುಂದರ ಬೆರಳಿಗೆ ಹುರಿ ಸುತ್ತಿ ಕಿವಿಯಲ್ಲಿಟ್ಟುಕೊಂಡ. ಸೌಟು ತಗುಲಿತು. ಅವನ ಬಾಯಿ ತೆರೆದೇ ಉಳಿಯಿತು. "ದೇವಸ್ಥಾನದ ದೊಡ್ಡ ಗಂಟೆ! ತಲೆ ಒಳಗೇ ಹೊಡೀತಿದೆ!" ಸಾಲು ಶುರುವಾಯಿತು. ಒಬ್ಬೊಬ್ಬರಿಗೆ ಒಂದೊಂದು ಕೇಳಿಸಿತು. ಒಬ್ಬಳಿಗೆ ಚರ್ಚಿನ ಗಂಟೆ, ಒಬ್ಬನಿಗೆ ಬಾವಿಯೊಳಗೆ ಬಿದ್ದ ಕೊಡ, ಇನ್ನೊಬ್ಬನಿಗೆ ರೈಲು ದೂರದಿಂದ ಬರುವಾಗ ಹಳಿಯ ಹಾಡು.

ಸಾಲಿನಲ್ಲಿ ಮುನಿಲಕ್ಷ್ಮಿಯೂ ನಿಂತಿದ್ದಳು. ಅವಳ ಸರದಿ ಹತ್ತಿರ ಬರುತ್ತಿದ್ದದ್ದನ್ನು ಅಲಮೇಲು ನೋಡಿದಳು. ರಾಗಿಯ ಆಟ ಕಣ್ಣಿನದು, ಇದು ಕಿವಿಯದು. ಎಲ್ಲರ ಮುಖದಲ್ಲೂ ಆನಂದ ನೋಡಿ ಆಸೆಯಿಂದ ನಿಂತಿರುವ ಮಗುವಿಗೆ ಏನೂ ಕೇಳಿಸದೆ ಹೋದರೆ? ಶಾಲೆಯ ಗಂಟೆ ಹೊಡೆಯಲಿ, ಪಾಠ ಮುಗಿಯಲಿ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹುಡುಗಿ ಆಗಲೇ ಕೈ ಚಾಚಿದ್ದಳು.

ಹುರಿ ಸುತ್ತಿದರು. ಸೌಟು ತಗುಲಿತು. ಮುನಿಲಕ್ಷ್ಮಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ತಗುಲಿಸಿದರು. ಅವಳು ತಲೆಯನ್ನು ಒಂದು ಕಡೆ ವಾಲಿಸಿದಳು, ಗೋಡೆಗೆ ಒರಗಿದಾಗ ಮಾಡುತ್ತಿದ್ದ ಹಾಗೆಯೇ. ಆಮೇಲೆ ಯಾರೂ ಹೇಳಿಕೊಡದೆ ಒಂದು ಕೆಲಸ ಮಾಡಿದಳು. ಬೆರಳಿನ ಹುರಿಯನ್ನು ಬಿಚ್ಚಿ, ಎರಡೂ ತುದಿಗಳನ್ನು ಸೇರಿಸಿ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕೈಯಿಂದ ಸೌಟನ್ನು ಹಿಂದಕ್ಕೆಳೆದು ಬೆಂಚಿನ ಕಡೆಗೆ ಬಿಟ್ಟಳು.

ಟಣ್.

ಅವಳು ಅಲ್ಲಾಡಲಿಲ್ಲ. ಕಣ್ಣು ಮಾತ್ರ ಅಗಲವಾಗುತ್ತಾ ಹೋಯಿತು. ಸೌಟು ತೂಗಾಡಿ ನಿಂತ ಮೇಲೂ, ಉಳಿದವರಿಗೆ ಸದ್ದು ಅಡಗಿಹೋದ ಎಷ್ಟೋ ಹೊತ್ತಿನ ಮೇಲೂ, ಅವಳು ದೂರ ಹೋಗುತ್ತಿರುವ ಯಾರನ್ನೋ ನೋಡುತ್ತಿರುವಂತೆ ನಿಂತಿದ್ದಳು. ಮತ್ತೆ ಬಡಿದಳು. ಮತ್ತೆ. ಹುರಿ ಬಾಯಿಂದ ಜಾರಿತು.

"ಗಂತೆ," ಎಂದಳು. ಆಮೇಲೆ ತನ್ನ ಹಣೆ ಮುಟ್ಟಿ, "ಇಲ್ಲಿ."

ಮೊದಲು ಮಾತಾಡಿದವನು ಶ್ಯಾಮಸುಂದರ. "ಮಿಸ್, ಅವಳ ಕಿವಿ ಕೆಟ್ಟಿದೆಯಲ್ಲ? ಮತ್ತೆ ಕೇಳಿಸ್ತಿರೋದು ಯಾವುದಕ್ಕೆ?"

ಅಲಮೇಲು ಬಿದ್ದ ಸೌಟನ್ನು ಎತ್ತಿಕೊಂಡಳು. "ನಂಗೊತ್ತಿಲ್ಲ ಕಣೋ," ಎಂದಳು. "ನಿಜವಾಗ್ಲೂ ನಂಗೊತ್ತಿಲ್ಲ." ಟೀಚರೊಬ್ಬರು ಹಾಗೆ ಹೇಳಿದ್ದನ್ನು ಆ ಮಕ್ಕಳು ಮೊದಲು ಕೇಳಿರಲಿಲ್ಲ. ಅದು ಅವರಿಗೆ ಸೌಟಿನಷ್ಟೇ ವಿಚಿತ್ರವಾಗಿ ತೋರಿತು.

"ಹುರಿಯಲ್ಲಿ ಬಂದ್ರೆ ಕೋಲಲ್ಲೂ ಬರ್ಬೇಕಲ್ಲ?" ಎಂದಳು ರಾಗಿ ಹೆಕ್ಕಿದ್ದ ಹುಡುಗಿ.

ಮೇಜಿನ ಮೇಲೆ ಮರದ ಸ್ಕೇಲಿತ್ತು. ಅಲಮೇಲು ಅದನ್ನು ಸೆರಗಿನಿಂದ ಒರೆಸಿ, ಒಂದು ತುದಿಯನ್ನು ಮುನಿಲಕ್ಷ್ಮಿಯ ಹಲ್ಲಿಗೆ ಕೊಟ್ಟು, ಇನ್ನೊಂದನ್ನು ತನ್ನ ಕೊರಳಿನ ಗಂಟಿಗೆ ಒತ್ತಿಕೊಂಡಳು. ಹಾಜರಿ ಕೂಗುವಾಗ ದಿನಾ ಹೇಳುತ್ತಿದ್ದದ್ದನ್ನೇ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದದ್ದನ್ನೇ, ಹೇಳಿದಳು.

"ಮುನಿಲಕ್ಷ್ಮಮ್ಮ."

ಹುಡುಗಿಯ ಹಲ್ಲು ಸ್ಕೇಲಿನ ಮೇಲೆ ಬಿಗಿಯಾಯಿತು. ಸ್ಕೇಲು ಕಚ್ಚಿಕೊಂಡೇ ಅವಳು ಕೈಯನ್ನು ಎತ್ತಿದಳು. ಹಾಜರಿಗೆ ಎತ್ತುವ ಹಾಗೆ, ನೆಟ್ಟಗೆ.

ಅಲಮೇಲು ಅವತ್ತು ಸಂಜೆ ಮನೆಗೆ ಹೋಗಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ನೇರ ತಿಮ್ಮಯ್ಯನ ಮನೆಗೆ ನಡೆದಳು. ಹಿಂದೆ ಅರ್ಧ ಕ್ಲಾಸು ಬಂತು. ಒಂದು ಕಾಲಕ್ಕೆ ಹೊಲವಿದ್ದ ಜಾಗದಲ್ಲಿ ಈಗ ಸಾಲು ಸೈಟುಗಳು. ಮಧ್ಯದಲ್ಲಿ ಹಂಚಿನ ಮನೆ, ಅಂಗಳದಲ್ಲಿ ಎಮ್ಮೆಗಳು. ತಿಮ್ಮಯ್ಯ ಹಾಲು ಕರೆಯುತ್ತಿದ್ದ. ಅವನ ತಾಯಿ ಪಾಪಮ್ಮ ಜಗುಲಿಯಲ್ಲಿ ಕೂತು ಹುರುಳಿಕಾಳು ಆರಿಸುತ್ತಿದ್ದಳು. ಮುನಿಲಕ್ಷ್ಮಿಯ ತಾಯಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು.

"ಏನ್ ತಪ್ಪು ಮಾಡೈತೆ ಟೀಚರಮ್ಮ?" ತಿಮ್ಮಯ್ಯ ಗಾಬರಿಯಿಂದ ಎದ್ದ.

"ತಪ್ಪೇನಿಲ್ಲ. ಇವಳನ್ನ ಆಸ್ಪತ್ರೆಗೆ ತೋರಿಸ್ಬೇಕು. ನಾನೇ ಕರ್ಕೊಂಡು ಹೋಗ್ತೀನಿ."

ಪಾಪಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಬಿಡಿ ತಾಯಿ. ಬೆಳ್ಳುಳ್ಳಿ ಎಣ್ಣೆ ಬಿಟ್ಟಾಯ್ತು, ಹರಕೆ ಹೊತ್ತಾಯ್ತು, ತಾಯತ ಕಟ್ಟಾಯ್ತು. ಅದರ ಹಣೇಲಿ ಬರ್ದಿಲ್ಲ. ಕಿವಿ ಸತ್ತೋಗೈತೆ. ಸತ್ತಿದ್ದಕ್ಕೆ ಮದ್ದು ಮಾಡ್ಸಿ ಮಗೀನ ಯಾಕೆ ನೋಯ್ಸೋದು?"

ಅಲಮೇಲು ವಾದಿಸಲಿಲ್ಲ. ಚೀಲದಿಂದ ಸ್ಕೇಲು ತೆಗೆದಳು. ಒಂದು ತುದಿಯನ್ನು ಮುನಿಲಕ್ಷ್ಮಿ ತಾನೇ ಕಚ್ಚಿಕೊಂಡಳು. ಇನ್ನೊಂದನ್ನು ಅಲಮೇಲು ಮುದುಕಿಯ ಸುಕ್ಕುಗಟ್ಟಿದ ಕೊರಳಿಗೆ ಒತ್ತಿ ಹಿಡಿದಳು.

"ಏನಾದ್ರೂ ಮಾತಾಡ್ಸಿ ಅಜ್ಜಿ."

"ಏನಂತ ಮಾತಾಡ್ಸನವ್ವಾ?"

"ದಿನಾ ಏನು ಕೇಳ್ತೀರೋ ಅದನ್ನೇ."

ಪಾಪಮ್ಮ ಸುತ್ತ ನೆರೆದಿದ್ದ ಮಕ್ಕಳನ್ನು ನೋಡಿದಳು, ಮಗನನ್ನು ನೋಡಿದಳು, ಕೊನೆಗೆ ಮೊಮ್ಮಗಳನ್ನು. ನಾಚಿಕೆಯಿಂದ ಎಂಬಂತೆ ಮೆಲ್ಲಗೆ ಕೇಳಿದಳು: "ಉಂಡ್ಯಾ ಕಂದಾ?"

ಮುನಿಲಕ್ಷ್ಮಿ ಸ್ಕೇಲನ್ನು ಬಾಯಿಂದ ತೆಗೆದಳು. "ಉಂಡೆ ಅಜ್ಜಿ," ಎಂದಳು.

ಮುದುಕಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತು. ತಿಮ್ಮಯ್ಯನ ಹಾಲಿನ ಚೊಂಬು ಎಮ್ಮೆಯ ಕಾಲಿಗೆ ಸಿಕ್ಕಿ ಉರುಳಿತು. ಅದನ್ನು ಯಾರೂ ಎತ್ತಲಿಲ್ಲ. ಪಾಪಮ್ಮ ಸ್ಕೇಲನ್ನು ಮತ್ತೆ ಮೊಮ್ಮಗಳ ಬಾಯಿಗೆ ಇಟ್ಟು, ತಾನೇ ಕೊರಳಿಗೆ ಒತ್ತಿಕೊಂಡಳು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಅವಳು ಮಾತಾಡುತ್ತಲೇ ಹೋದಳು: ಎಮ್ಮೆ ಈದದ್ದು, ತಮ್ಮ ಹುಟ್ಟಿದ್ದು, ಅವನು ಕಪ್ಪೋ ಬಿಳುಪೋ ಇನ್ನೂ ನೋಡದಿರುವುದು. ಅಷ್ಟು ವರ್ಷ ಕೈಸನ್ನೆಯಲ್ಲಿ ನಿಂತುಹೋಗಿದ್ದ ಮಾತೆಲ್ಲ ಆ ಮರದ ಪಟ್ಟಿಯ ಮೇಲೆ ಸಾಗಿತು. ಮುನಿಲಕ್ಷ್ಮಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಲೇ ಇದ್ದಳು.

ದೊಡ್ಡಾಸ್ಪತ್ರೆಯ ಕಿವಿಯ ಡಾಕ್ಟರು ನಿಧಾನದ ಮನುಷ್ಯ. ಹುಡುಗಿಯ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಮುನಿಲಕ್ಷ್ಮಿ ತಕ್ಷಣ ನಕ್ಕಳು.

ಅಲಮೇಲು ಮುಂದೆ ಬಾಗಿ ನೋಡಿದಳು. ಸೌಟು ಮತ್ತು ಹುರಿ ಮಾಡಿದ್ದನ್ನೇ ಇವರು ಇಲ್ಲಿ ಮಾಡುತ್ತಿದ್ದಾರೆ!

"ಇವಳನ್ನ ಇಲ್ಲಿಗೆ ಕಳಿಸಿದ್ಯಾರು?" ಡಾಕ್ಟರು ಕೇಳಿದರು.

"ನನ್ನ ನಾಲ್ಕನೇ ಕ್ಲಾಸು," ಎಂದಳು ಅಲಮೇಲು. ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರು ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು. ಆಮೇಲೆ ಹಾಳೆಯ ಮೇಲೆ ಕಿವಿಯ ಚಿತ್ರ ಬರೆದು ತೋರಿಸಿದರು. ಹೊರಗಿನ ತಮಟೆಯ ಪೊರೆ ಕೀವಿನಿಂದ ತೂತಾಗಿದೆ. ಅದರ ಹಿಂದಿನ ಮೂರು ಮೂಳೆಗಳು ಸದ್ದನ್ನು ಒಳಗೆ ದಾಟಿಸಲಾರದೆ ಕೂತಿವೆ. ಆದರೆ ಅದಕ್ಕೂ ಒಳಗೆ, ಬಸವನಹುಳುವಿನ ಚಿಪ್ಪಿನಂಥ ಕೋಣೆಯಲ್ಲಿ, ಕೇಳುವ ಜಾಗ ಚೆನ್ನಾಗಿಯೇ ಇದೆ. ಬಾಗಿಲು ಕೆಟ್ಟಿದೆ, ಮನೆಯಲ್ಲಿ ದೀಪ ಉರಿಯುತ್ತಲೇ ಇದೆ.

"ಎಷ್ಟು ದೊಡ್ಡದಿರತ್ತೆ ಡಾಕ್ಟ್ರೇ, ಆ ಮೂಳೆ?"

"ಅಕ್ಕಿಕಾಳು ನೋಡಿದೀರಲ್ಲ? ಮೂರರಲ್ಲಿ ಚಿಕ್ಕದು ಅದಕ್ಕಿಂತ ಚಿಕ್ಕದು. ಕುದುರೆ ಸವಾರರು ಕಾಲಿಡುವ ರಿಕಾಪಿನ ಆಕಾರ."

ಮನುಷ್ಯರು ಆಡಿದ ಮಾತೆಲ್ಲ, ಕೇಳಿದ ಹಾಡೆಲ್ಲ, ಅಕ್ಕಿಕಾಳಿಗಿಂತ ಚಿಕ್ಕದೊಂದು ಮೂಳೆಯ ನಡುಕದಿಂದ ದಾಟಿ ಬಂದದ್ದು! ಅಲಮೇಲು ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರ್ ಕೂಗುವುದನ್ನೂ ಹಿಂದಿನ ಸೀಟಿನ ಹೆಂಗಸರು ಜಗಳವಾಡುವುದನ್ನೂ ಹಿಂದೆಂದೂ ಕೇಳದವಳ ಹಾಗೆ ಕೇಳಿದಳು.

ಮೊದಲು ಕೀವು ಒಣಗಬೇಕಿತ್ತು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಎಣ್ಣೆ ಬಿಡಬಾರದು, ತಲೆಗೆ ನೀರು ಹಾಕುವಾಗ ಹತ್ತಿ ಇಡಬೇಕು ಎಂಬುದನ್ನೆಲ್ಲ ಪಾಪಮ್ಮ ಮಡಿಯಷ್ಟು ನಿಷ್ಠೆಯಿಂದ ಪಾಲಿಸಿದಳು. ಆಮೇಲೆ ಬಲಗಿವಿಗೆ ಆಪರೇಷನ್ ಆಯಿತು. ಅವಳದೇ ಮೈಯಿಂದ ತೆಳ್ಳನೆಯ ಪೊರೆ ತೆಗೆದು ತೂತು ಮುಚ್ಚಿದರಂತೆ. ಆ ಕಿವಿ ಚೆನ್ನಾಗಿ ಬಂತು. ಎಡಗಿವಿ ಕೊನೆಯವರೆಗೂ ಅರ್ಧಂಬರ್ಧವೇ ಉಳಿಯಿತು.

ಪಟ್ಟಿ ಬಿಚ್ಚಿದ ಮೇಲಿನ ಮೊದಲ ದಿನಗಳು ಯಾರೂ ಅಂದುಕೊಂಡಂತೆ ಇರಲಿಲ್ಲ. ಮುನಿಲಕ್ಷ್ಮಿ ಹೆದರಿದಳು. ಪಾತ್ರೆ ಬಿದ್ದರೆ ಅಳುತ್ತಿದ್ದಳು. ತಾಯಿಯ ಜೊತೆ ತವರಿನಿಂದ ಬಂದಿದ್ದ ಪುಟ್ಟ ತಮ್ಮ ಅತ್ತರೆ ಅಂಗಳಕ್ಕೆ ಓಡಿಹೋಗಿ ಎಮ್ಮೆಯ ಹೊಟ್ಟೆಗೆ ಮುಖ ಒತ್ತಿಕೊಳ್ಳುತ್ತಿದ್ದಳಂತೆ. ಸದ್ದುಗಳು ಯಾವ ಕಡೆಯಿಂದ ಬರುತ್ತವೆಂದು ತಿಳಿಯದೆ ಬೀದಿಯಲ್ಲಿ ತಬ್ಬಿಬ್ಬಾಗಿ ನಿಲ್ಲುತ್ತಿದ್ದಳು. ಮೆಲ್ಲಮೆಲ್ಲಗೆ ಅವು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಹೆದರಿಕೆ ಹೋದ ಮೇಲೆ ಬಂದದ್ದು ಪ್ರಶ್ನೆಗಳು.

"ಮಿಸ್, ಸೀಮೆಸುಣ್ಣ ಕೂಗ್ತದೆ!" "ಮಿಸ್, ನನ್ನ ಲಂಗ ಮಾತಾಡ್ತದೆ, ನಡೆದ್ರೆ." ಉಗುರು ಕತ್ತರಿಸಿದರೆ ಸದ್ದಿದೆ, ಕೂದಲು ಬೆಳೆದರೆ ಯಾಕಿಲ್ಲ? ನೀರು ಬಿದ್ದರೆ ಸದ್ದಿದೆ. ಎಲೆ ಬಿದ್ದರೂ ಇದೆ. ನೆರಳು ಬಿದ್ದರೆ ಯಾಕಿಲ್ಲ? ಅವಳ ಮಾತು ಇನ್ನೂ ದಪ್ಪಗಿತ್ತು, ಅಕ್ಷರಗಳು ಒಂದನ್ನೊಂದು ತುಳಿಯುತ್ತಿದ್ದವು. ಆದರೆ ಶ್ಯಾಮಸುಂದರನೇ ಅವಳಿಗೆ ದುಭಾಷಿಯಾಗಿಬಿಟ್ಟಿದ್ದ. ಅವಳ ಪ್ರಶ್ನೆ ಕೇಳಿದ ಮೇಲೆ ಉಳಿದವರಿಗೂ ಲೋಕ ಬೇರೆಯಾಗಿ ಕಾಣತೊಡಗಿತು. ಹೊಸದಾಗಿ ಕೇಳುತ್ತಿದ್ದವಳು ಅವಳೊಬ್ಬಳೇ ಅಲ್ಲ.

ಮಾರ್ಚ್‌ನ ಒಂದು ಬೆಳಿಗ್ಗೆ, ಅಲಮೇಲು ಭೂಮಿ, ಸೂರ್ಯ, ಹಗಲು, ರಾತ್ರಿ ಎಂದು ಪಾಠ ಮಾಡುತ್ತಿದ್ದಳು. ಕರೆಂಟು ಹೋಗಿ ಸುತ್ತಲಿನ ಶೆಡ್ಡುಗಳೆಲ್ಲ ಸುಮ್ಮನಿದ್ದವು. ಸೂರ್ಯ ನಮ್ಮ ಭೂಮಿಗಿಂತ ಎಷ್ಟೋ ದೊಡ್ಡದು, ಅದೊಂದು ಉರಿಯುವ ಗೋಳ, ಅಲ್ಲಿ ಎಲ್ಲವೂ ಕುದಿಯುತ್ತಿರುತ್ತದೆ ಎಂದಳು.

ಮುನಿಲಕ್ಷ್ಮಿ ಎದ್ದು ನಿಂತಳು. "ಒಲೆ ಉರಿದ್ರೆ ಸದ್ದು ಬರ್ತದೆ ಮಿಸ್."

"ಹೌದು, ಬರತ್ತೆ."

"ಸೂರ್ಯ ಅಷ್ಟು ದೊಡ್ಡ ಒಲೆ. ದಿನಾ ಬೆಳಿಗ್ಗೆ ಎದ್ದು ಕೇಳ್ತೀನಿ. ಯಾಕೆ ಸದ್ದೇ ಇಲ್ಲ? ನನ್ನ ಕಿವಿಗೆ ಮಾತ್ರ ಇಲ್ವಾ? ನಿಮಗೆಲ್ಲ ಕೇಳಿಸ್ತದಾ?"

ಅಲಮೇಲು ಪುಸ್ತಕ ಕೆಳಗಿಟ್ಟಳು. ಟ್ರೈನಿಂಗಿನಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳುತ್ತಾ ಬಂದ ತಾನು ಒಂದು ದಿನವೂ ಸೂರ್ಯನ ಕಡೆ ಕಿವಿಗೊಟ್ಟಿರಲಿಲ್ಲ.

"ಬನ್ನಿ, ಕೇಳೋಣ," ಎಂದಳು.

ಎಲ್ಲರೂ ಅಂಗಳಕ್ಕೆ ಹೋದರು. ಸೂರ್ಯನನ್ನು ನೋಡಬೇಡಿ, ಕಣ್ಣು ಮುಚ್ಚಿ ಮುಖ ಮಾತ್ರ ಆ ಕಡೆ ತಿರುಗಿಸಿ ಎಂದಳು. ಮಕ್ಕಳು ಹಾಗೇ ನಿಂತರು. ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಕೂತಿತು. ಚನ್ನಕೇಶವಯ್ಯನವರು ಆಫೀಸಿನಿಂದ ಹೊರಬಂದರು.

"ಏನಮ್ಮಾ ಇದು, ಪಾಠದ ಹೊತ್ತಲ್ಲಿ?"

"ಸೂರ್ಯನ ಸದ್ದು ಕೇಳ್ತಿದೀವಿ ಸಾರ್."

ಅವರು ಏನೋ ಹೇಳಹೋದರು. ಮುನಿಲಕ್ಷ್ಮಿ ಕಣ್ಣು ಮುಚ್ಚಿಕೊಂಡೇ ತುಟಿಯ ಮೇಲೆ ಬೆರಳಿಟ್ಟು ಅವರಿಗೆ ಸುಮ್ಮನಿರಲು ಸೂಚಿಸಿದಳು. ಹೆಡ್‌ಮಾಸ್ಟರ್ ಸುಮ್ಮನಾದರು. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಅವರೂ ಮುಖ ಮೇಲೆತ್ತಿದರು.

ದೂರದಲ್ಲಿ ಮಾಗಡಿ ರಸ್ತೆಯ ಬಸ್ಸು ಗೇರು ಬದಲಾಯಿಸಿತು. ಸೊಪ್ಪಿನವಳು ಕೂಗಿಕೊಂಡು ಹೋದಳು. ಯಾರದೋ ಮನೆಯ ಬಾವಿಯ ರಾಟೆ ಕಿರ್ರೆಂದಿತು, ಕಾಗೆಯೊಂದು ರೆಕ್ಕೆ ಬಡಿದು ಹೋಯಿತು, ಹೊಂಗೆಯ ಹೊಸ ಎಲೆಗಳು ಒಂದಕ್ಕೊಂದು ತಾಗಿದವು. ಎಲ್ಲದರ ಆಚೆ, ಎಲ್ಲದರ ಮೇಲೆ, ಆ ದೊಡ್ಡ ಬೆಂಕಿ ಒಂದಿಷ್ಟೂ ಸದ್ದಿಲ್ಲದೆ ಅವರೆಲ್ಲರ ಮುಖ ಬೆಚ್ಚಗೆ ಮಾಡುತ್ತಿತ್ತು.

"ಇಲ್ಲ," ಎಂದಳು ಮುನಿಲಕ್ಷ್ಮಿ ಬಹಳ ಹೊತ್ತಿನ ಮೇಲೆ, ಪಿಸುದನಿಯಲ್ಲಿ. "ಯಾರಿಗೂ ಕೇಳಿಸ್ತಿಲ್ಲ."

ಆದರೂ ಯಾರೂ ಕಣ್ಣು ಬಿಡಲಿಲ್ಲ.